ನಿನ್ನ ‘ಬೇಡ’ಕ್ಕೆ ನಾನು ಹಾಕಿದ ಬೀಗ

ಸೋಮವಾರ, ಸಂಜೆ ಆರೂವರೆ. ಭೀಮರಾಯನಗುಡಿಯ ಮನೆ. ಇರುವವರು ನಾನು, ನನ್ನ ತಂಗಿ ಶಿವಮ್ಮ. ಶಿವಮ್ಮಾ, ನಿನ್ನ ಟ್ಯಾಬಿನಿಂದ ‘ಬೇಡ’ ಎಂಬ ಬಟನ್ ತೆಗೆದವಳು ನಾನು. ಅದು ಕೆಟ್ಟಿರಲಿಲ್ಲ. ನಾನೇ ಮುಚ್ಚಿ ಬೀಗ ಹಾಕಿದ್ದೆ—ಎರಡು ವರ್ಷ.

ಲಕ್ವಾ ಹೊಡೆದು ನಿನ್ನ ಬಲಗೈ, ಮಾತು ಎರಡೂ ಹೋದಾಗ ಯಾದಗಿರಿಯ ಡಾಕ್ಟರಮ್ಮ ಎರಡು ಆ್ಯಪ್ ತೋರಿಸಿದ್ದರು. ಚಿತ್ರ ಒತ್ತಿದರೆ ಟ್ಯಾಬು ನಿನ್ನ ಪರವಾಗಿ ಮಾತಾಡುತ್ತದೆ. “ಅವ್ರ ಕೈಯಾಗ ಕೊಡ್ರಿ, ಅವ್ರೇ ಆರಿಸ್ಲಿ,” ಅಂದರು. ನಾನು ಕೊಡಲಿಲ್ಲ. ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವಳು—ಗಂಟೆ ಹೊಡೆದರೆ ಹುಡುಗಿಯರು ಏಳಬೇಕು, ಅಷ್ಟೇ. ಬಟನ್‌ಗಳನ್ನು ವೇಳಾಪಟ್ಟಿಯಂತೆ ಸಾಲಾಗಿ ಜೋಡಿಸಬಹುದಾದ, ನನಗೆ ಸೇರದ ಮಾತಿಗೆ ಬೀಗ ಹಾಕಬಹುದಾದ ಆ್ಯಪನ್ನೇ ಹಿಡಿದೆ. ಸಂಜೆ ಐದರ ವ್ಯಾಯಾಮಕ್ಕೆ ನೀನು ವಾರವಿಡೀ ‘ಬೇಡ’ ಒತ್ತಿದೆ. ಎಂಟನೆಯ ದಿನ ಆ ಬಟನ್ ಇರಲಿಲ್ಲ. ಅದೆಲ್ಲಿ ಎಂದು ಡಾಕ್ಟರಮ್ಮ ಕೇಳಿದಾಗ ನಾನು ಏನಂದೆ? “ಆಕಿ ಅದನ್ನ ಒತ್ತಂಗೇ ಇಲ್ರಿ.”

ಆಮೇಲೆ ನಿನ್ನ ಹೊಲಿಗೆ ಮಷೀನು. “ಮೂಲ್ಯಾಗ ಧೂಳ ತಿನ್ನಾಕತ್ತದ. ಗೋಗಿ ಊರಾಗಿರೋ ಅಣ್ಣನ ಮಗಳಿಗೆ ಕೊಟ್ಟುಬಿಡ್ಲೇನ?” ನೀನು ತಲೆ ಅಲ್ಲಾಡಿಸಿದೆ. ನಾನು ಅಂದೆ— “ತಲಿ ಅಲ್ಲಾಡಸ್ಬ್ಯಾಡ. ಟ್ಯಾಬಿನ್ಯಾಗ ಹೇಳು.” ನೀನು ಎಡಗೈ ಬೆರಳಿನಿಂದ ಹುಡುಕಿದೆ. ‘ನೀರು’. ‘ಊಟ’. ‘ಆಯ್ತು’. ಮತ್ತೆ ಮೊದಲಿನಿಂದ— ಕೊನೆಗೆ ಟ್ಯಾಬನ್ನು ಬೋರಲು ಹಾಕಿದೆ. ನೀನು ಏನು ಹುಡುಕುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆಟೋ ಕರೆಸಿ ಮಷೀನು ಕಳಿಸಿಬಿಟ್ಟೆ.

ನಿನ್ನೆ ಪಕ್ಕದ ಮನೆಯ ಗಂಗಮ್ಮ ನಕ್ಕಳು: “ಅಕ್ಕಾರ, ನಿಮ್ಮ ತಂಗಿ ಯಾವುದಕ್ಕೂ ಬ್ಯಾಡ ಅನ್ನಂಗಿಲ್ಲ ನೋಡ್ರಿ! ನಮ್ಮ ಸೊಸಿಗೂ ಇಂಥಾದ್ದೊಂದು ಹಾಕಿಕೊಡ್ರಿ.” ನೀನು ನನ್ನನ್ನೇ ನೋಡಿದೆ. ನನಗೆ ಮೈ ಉರಿಯಿತು. ಒಬ್ಬಳ ಬಾಯಿಯ ಬೀಗದ ಕೈಯನ್ನು ಇನ್ನೊಬ್ಬಳ ಸೊಂಟಕ್ಕೆ ಸಿಕ್ಕಿಸುವ ಇಂಥ ಆ್ಯಪನ್ನು ಯಾವ ಪುಣ್ಯಾತ್ಮರು ಮಾಡಿದರು? ಮಾತು ಹೋದವಳು ಸುಮ್ಮನಿದ್ದರೆ ಒಳ್ಳೆಯವಳು ಎನ್ನುವ ಈ ಓಣಿಗೆ ಏನಾಗಿದೆ? ಬೈಯುತ್ತಲೇ ಇದ್ದೆ. ಆದರೆ ಆರಿಸಿದವಳು ನಾನು. ಬೀಗ ಹಾಕಿದವಳೂ—

ಇಂದು ಬೆಳಿಗ್ಗೆ ಯಾದಗಿರಿಯಲ್ಲಿ, ನಿನ್ನೆದುರೇ, ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಎರಡೂ ಆ್ಯಪ್ ನಿನ್ನ ಕೈಗೆ ಕೊಟ್ಟರು. ನಾನು ತಳ್ಳಿಹಾಕಿದ್ದನ್ನೇ ನೀನು ಆರಿಸಿದೆ. ಅದಕ್ಕೆ ಬೀಗವಿಲ್ಲ.

ಸಂಜೆ ಐದಕ್ಕೆ ನಾನು ಅಭ್ಯಾಸಬಲದಿಂದ ವ್ಯಾಯಾಮದ ಚಾಪೆ ಹಾಸಿದೆ. ನೀನು ‘ಬೇಡ’ ಒತ್ತಿದೆ. ಮತ್ತೊಮ್ಮೆ. ಮೂರನೆಯ ಸಲ, ನನ್ನ ಮುಖ ನೋಡುತ್ತ. ನಾನು ಚಾಪೆ ಸುತ್ತಿಟ್ಟೆ. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು—ಆಡಲಿಲ್ಲ, ಕ್ಷಮೆ ಕೇಳುವ ಹಕ್ಕು ನನಗಿಲ್ಲ. ಮಷೀನು ತರಿಸಲೇ ಎಂದಷ್ಟೇ ಕೇಳಿದೆ. ನೀನು ‘ಹೂಂ’ ಒತ್ತಿದೆ. ನಾನು ಗೋಗಿಗೆ ಫೋನ್ ಮಾಡಿದೆ. ಆಮೇಲೆ ಮೊದಲು ಮಷೀನಿದ್ದ ಮೂಲೆಯಿಂದ ನನ್ನ ಟ್ರಂಕು ಎಳೆದು, ಗುಡಿಸಿ, ಜಾಗ ಖಾಲಿ ಮಾಡಿಟ್ಟೆ.