ಹಾನಗಲ್ಲಿನ ಬಿಸಿಲು

ಇವತ್ತು ಬೆಳಿಗ್ಗೆ ಸ್ನಾನಕ್ಕೆ ಹೊರಟವನಿಗೆ ಒಣಗಿದ ಟವೆಲ್ಲು ಒಂದೂ ಸಿಗಲಿಲ್ಲ. ಹಗ್ಗದ ಮೇಲಿದ್ದದ್ದು ಮುಟ್ಟಿದರೆ ಮೀನಿನ ಮೈಯಂತೆ ತಣ್ಣಗಿತ್ತು. ಕಪಾಟಿನೊಳಗಿನದಕ್ಕೆ ಮುಗ್ಗಲು ವಾಸನೆ. ಕೊನೆಗೆ ಹೋದ ತಿಂಗಳು ವತ್ಸಲಾ ಹಾನಗಲ್ಲಿನಿಂದ ಕೊಟ್ಟು ಕಳಿಸಿದ, ಪ್ಲಾಸ್ಟಿಕ್ ಕವರಿನಿಂದ ತೆಗೆಯದೆ ಇಟ್ಟಿದ್ದ ಟವೆಲ್ಲನ್ನೇ ಬಿಚ್ಚಿದೆ. ಗಮ್ಮೆಂದು ಬಿಸಿಲಿನ ವಾಸನೆ ಬಂತು. ಬಿಸಿಲಿಗೆ ವಾಸನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮಳೆಗಾಲದಲ್ಲಿ ಶಿರಸಿಗೆ ಬಂದು ಒಂದು ತಿಂಗಳು ಇದ್ದು ನೋಡಿ, ಆಮೇಲೆ ಕೇಳಿ. ಮುಖಕ್ಕೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತೆ. ಸಂತೋಷವಾಗಬೇಕಿತ್ತು, ನನಗೆ ಹೊಟ್ಟೆಕಿಚ್ಚಾಯಿತು. ನಮ್ಮೂರಿನ ಮಳೆಗೆ ಆರದ ಬೆಂಕಿ ಅದೊಂದೇ.

ವತ್ಸಲಾ ನನ್ನ ಹೆಂಡತಿ. ಜೂನ್ ಹತ್ತಿರವಾಗುತ್ತಿದ್ದಂತೆ ಹಾನಗಲ್ಲಿನಲ್ಲಿರುವ ತನ್ನ ಅಕ್ಕ ಸೀತಕ್ಕನ ಮನೆಗೆ ಹೋಗುತ್ತಾಳೆ, ದೀಪಾವಳಿಯ ಹೊತ್ತಿಗೆ ಬರುತ್ತಾಳೆ. ಜಗಳವಿಲ್ಲ, ಮನಸ್ತಾಪವಿಲ್ಲ. ನಮ್ಮಿಬ್ಬರ ನಡುವೆ ಬಂದಿರುವುದು ಹವಾಮಾನ ಮಾತ್ರ. ಬೇರೆ ಗಂಡಸರು ಹೆಂಡತಿಯ ವಿಷಯದಲ್ಲಿ ಯಾರ ಮೇಲೆ ಮತ್ಸರಪಡುತ್ತಾರೋ ಗೊತ್ತಿಲ್ಲ. ನನ್ನ ಮತ್ಸರವೆಲ್ಲ ಒಂದೂವರೆ ಗಂಟೆಯ ಬಸ್ಸಿನ ದೂರದಲ್ಲಿರುವ ಒಂದು ಊರಿನ ಬಿಸಿಲಿನ ಮೇಲೆ.

ನಾನು ಸಿದ್ದಾಪುರದ ಬಿಳಗಿಯವನು, ಅವಳು ಯಲ್ಲಾಪುರದ ನಂದೊಳ್ಳಿಯವಳು, ಸಂಸಾರ ಹೂಡಿದ್ದು ಶಿರಸಿಯಲ್ಲಿ. ಮಳೆಯ ಮಟ್ಟಿಗೆ ಈ ಮೂರೂ ತಾಲ್ಲೂಕು ಒಂದೇ ಕೊಡೆಯಡಿಯ ಸಂಸಾರ. ಕೊಡೆ ಎಂದಾಗ ನೆನಪಾಯಿತು, ನನ್ನದು ಕೊಡೆಯ ಅಂಗಡಿ. ಕೊಡೆ, ರೇನ್‌ಕೋಟು, ಗಮ್‌ಬೂಟು, ತಾಡಪಾಲು, ಅಂಗಳಕ್ಕೆ ಹೊದೆಸುವ ಪ್ಲಾಸ್ಟಿಕ್ಕು. ಅಂದರೆ ನನಗೆ ಅನ್ನ ಹಾಕುವುದೂ ಮಳೆಯೇ. ಹೆಂಡತಿಯ ಉಸಿರು ಕಟ್ಟಿಸುವುದೂ ಅದೇ ಮಳೆ. ಅವಳು ಊರು ಬಿಡಬೇಕಾದ ತಿಂಗಳುಗಳಲ್ಲೇ ನಾನು ಅಂಗಡಿ ಬಿಟ್ಟು ಅಲ್ಲಾಡುವ ಹಾಗಿಲ್ಲ. ದೇವರಿಗೂ ಇಂಥ ಟೈಮ್‌ಟೇಬಲ್ ಹಾಕುವ ಚಟವಿದೆ ಎಂದು ಮದುವೆಗೆ ಮುಂಚೆ ನನಗೆ ಗೊತ್ತಿರಲಿಲ್ಲ.

ಅವಳಿಗೆ ಉಬ್ಬಸವಿದೆ ಎಂದು ಅವಳ ಮನೆಯವರು ಮುಚ್ಚಿಟ್ಟಿರಲಿಲ್ಲ. ಮಳೆಗಾಲದಲ್ಲಿ ಸ್ವಲ್ಪ ದಮ್ಮು ಬರುತ್ತದೆ ಎಂದಿದ್ದರು. ಆ 'ಸ್ವಲ್ಪ' ಎಷ್ಟು ಎಂದು ತಿಳಿದದ್ದು ಮೊದಲ ಆರಿದ್ರಾ ಮಳೆಯಲ್ಲಿ. ಅಡುಗೆಮನೆಯಿಂದ ಜಗಲಿಗೆ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ನಾನು ಏನು ಮಾಡಲಿಲ್ಲ ಹೇಳಿ. ಕಷಾಯ ಕುದಿಸಿದೆ. ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಅದರ ಹೊಗೆಯಿಂದ ಇನ್ನಷ್ಟು ಕೆಮ್ಮಿಸಿದೆ. ಗೋಡೆ ಬೆವರದ ಮನೆ ಬೇಕೆಂದು ಶಿರಸಿಯೊಳಗೇ ಬಾಡಿಗೆ ಮನೆಗಳನ್ನು ಬದಲಿಸುತ್ತ ಹೋದೆ. ಗೋಡೆ ಬೆವರದ ಮನೆ ಶಿರಸಿಯಲ್ಲಿಲ್ಲ, ಬೇಸಿಗೆಯಲ್ಲಿ ಇದೆಯೆಂದು ಹೇಳುವ ಮಾಲೀಕರಿದ್ದಾರೆ ಅಷ್ಟೆ. ಕೊನೆಗೆ ಡಾಕ್ಟರು, ಮಳೆಗಾಲದಲ್ಲಿ ಇವರನ್ನು ಇಲ್ಲಿ ಇಡಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಸೀತಕ್ಕ ತಾನೇ ಬಂದು ಕರೆದುಕೊಂಡು ಹೋದಳು. ನಮಗೆ ಮಕ್ಕಳಿಲ್ಲ. ಅವಳು ಹೋದ ಸಂಜೆ ಮನೆಯಲ್ಲಿ ಕೇಳಿಸಿದ್ದು ಹಂಚಿನ ಮೇಲಿನ ಮಳೆ ಮಾತ್ರ. ಆ ಸದ್ದನ್ನು ಸಂಗೀತ ಎನ್ನುವವರು ಒಮ್ಮೆ ಒಬ್ಬರೇ ಕುಳಿತು ಕೇಳಬೇಕು.

ದಿನಾ ಫೋನು ಮಾಡುತ್ತಿದ್ದೆ. ಹೇಗಿದ್ದೀ ಎಂದರೆ, "ಇಲ್ಲಿ ಚೊಲೊ ಬಿಸ್ಲು" ಎನ್ನುತ್ತಿದ್ದಳು. ಆರಾಮಿದ್ದೇನೆ ಎನ್ನುವುದನ್ನೇ ಅವಳು ಹಾಗೆ ಹೇಳುತ್ತಿದ್ದದ್ದು. ಆದರೆ ನನ್ನ ಕಿವಿಗೆ ಅದು ಯಾರೋ ಬೇರೆಯವನನ್ನು ಹೊಗಳಿದ ಹಾಗೆ ಕೇಳಿಸುತ್ತಿತ್ತು. ಹಾನಗಲ್ಲಿನಲ್ಲಿ ಮಳೆ ಇಲ್ಲವೆಂದಲ್ಲ. ಅಲ್ಲಿ ಮಳೆ ನೆಂಟ, ಬಂದು ಊಟ ಮಾಡಿ ಹೋಗುತ್ತಾನೆ. ನಮ್ಮಲ್ಲಿ ಮನೆಯಳಿಯ.

ಇಷ್ಟರ ಮೇಲೆ ನನ್ನ ಅಂಗಡಿಗೆ ಪ್ರವಾಸಿಗರು ಬರುತ್ತಾರೆ. ಜಲಪಾತ ನೋಡಲು ಹೊರಟವರು ರೇನ್‌ಕೋಟು ಕೊಳ್ಳುತ್ತ, ಇಂಥ ಜಾಗದಲ್ಲಿ ಇರುವುದಕ್ಕೂ ಪುಣ್ಯ ಬೇಕು ಎನ್ನುತ್ತಾರೆ. ಹೌದು ಹೌದು ಎಂದು ತಲೆಯಾಡಿಸುತ್ತೇನೆ. ಮನಸ್ಸಿನಲ್ಲಿ ಮಾತ್ರ, ಭಾನುವಾರ ಸಂಜೆ ಒಣಗಿದ ಹಾಸಿಗೆಗೆ ಹಿಂದಿರುಗುವ ನಿಮ್ಮ ಪುಣ್ಯದಲ್ಲಿ ನನಗೊಂದು ಪಾಲು ಕೊಡಿ ಎಂದುಕೊಳ್ಳುತ್ತೇನೆ. ಒಮ್ಮೆ ಒಬ್ಬಾಕೆ ಮಳೆಯ ಪರಿಮಳವನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗುವ ಹಾಗಿದ್ದರೆ ಎಂದಳು. ನನ್ನ ಕಪಾಟನ್ನೇ ತೆಗೆದುಕೊಂಡು ಹೋಗಿ ಎನ್ನಬೇಕೆನಿಸಿತ್ತು.

ಅವಳು ಹೋಗಲಾರಂಭಿಸಿದ ಎರಡನೆಯ ಮಳೆಗಾಲದ ಒಂದು ಭಾನುವಾರ, ಹೇಳದೆ ಕೇಳದೆ ನಾನು ಹಾನಗಲ್ಲಿನ ಬಸ್ಸು ಹತ್ತಿದೆ. ಶಿರಸಿ ಬಿಡುವಾಗ ಕಿಟಕಿಯ ಗಾಜಿನ ಮೇಲೆ ನೀರು ಸುರಿಯುತ್ತಿತ್ತು. ಬಿಸಲಕೊಪ್ಪ ಬಂತು. ಹೆಸರಿನಲ್ಲಷ್ಟೇ ಬಿಸಿಲು, ಊರು ತೊಯ್ದು ಕುಳಿತಿತ್ತು. ಆಮೇಲೆ ದಾಸನಕೊಪ್ಪದ ಕಡೆ ಹೋದಂತೆ ಮೋಡ ತೆಳುವಾಯಿತು, ರಸ್ತೆ ಒಣಗಿತು, ಹಾನಗಲ್ಲಿನಲ್ಲಿ ಇಳಿದರೆ ನನ್ನ ನೆರಳು ನನ್ನ ಕಾಲಬುಡದಲ್ಲಿ ಬಿದ್ದಿತ್ತು. ಒಂದು ತಿಂಗಳಿಂದ ಅದನ್ನು ನಾನು ನೋಡಿರಲಿಲ್ಲ. ಒದ್ದೆ ಕೊಡೆ ಹಿಡಿದು ಬಿಸಿಲಲ್ಲಿ ನಿಂತ ನನ್ನನ್ನು ಬಸ್‌ಸ್ಟ್ಯಾಂಡಿನವರೆಲ್ಲ ನೋಡಿದರು.

ಸೀತಕ್ಕನ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಜೋಳ ಹಸನು ಮಾಡುತ್ತ ಕುಳಿತಿದ್ದವಳು, "ಬರ್ರಿ, ಯಾರು ಬೇಕಾಗಿತ್ರಿ?" ಎಂದಳು. ವತ್ಸಲಾಳ ಗಂಡ ಎಂದೆ. ಅವಳು ಮೊರ ಕೆಳಗಿಟ್ಟು ಎದ್ದಳು. ಅಕ್ಕತಂಗಿಯರಿಬ್ಬರೂ ಗುಡಿಯ ಪಡಸಾಲೆಯಲ್ಲಿದ್ದಾರೆ, ಭಾನುವಾರ ಅಲ್ಲಿ ಓಣಿಯ ಹೆಂಗಸರೆಲ್ಲ ಸೇರುತ್ತಾರೆ, ವತ್ಸಲಾ ಅವರಿಗೆ ಹಾಡು ಕಲಿಸುತ್ತಾಳೆ ಎಂದಳು. ಯಾವ ವತ್ಸಲಾ ಎಂದು ನಾನು ಕೇಳಿಬಿಟ್ಟೆ. ಆಕೆ ನಕ್ಕು, "ಯಾಕ್ರಿ, ನಿಮ್ಮ ಮನ್ಯಾಗ ಹಾಡೂದಿಲ್ಲೇನ್ರಿ ಅವ್ರು?" ಎಂದಳು.

ಇಲ್ಲ, ಹಾಡಿರಲಿಲ್ಲ. ಒಂದು ಸಾಲು ಗುನುಗಿದ್ದನ್ನೂ ನಾನು ಕೇಳಿರಲಿಲ್ಲ.

ಗುಡಿಯ ಹೊರಗೆ ಚಪ್ಪಲಿಗಳ ರಾಶಿಯ ಪಕ್ಕ ನಿಂತು ಕೇಳಿದೆ. ನಂದೊಳ್ಳಿಯಲ್ಲಿ ಅವಳ ಅಜ್ಜಿಯ ಕಾಲದ ಆರತಿ ಹಾಡಿರಬೇಕು. ಸಾಲಿನ ಕೊನೆಯನ್ನು ಎಳೆದು, ಬಾಗಿಸಿ, ಇನ್ನೇನು ಮುಗಿಯಿತು ಎನ್ನುವಲ್ಲಿ ಮತ್ತೆ ಎತ್ತಿ ಹಿಡಿಯುತ್ತಿದ್ದಳು. ನಡುವೆ ನನ್ನ ಉಸಿರೇ ಕಟ್ಟಿತು. ಅಷ್ಟು ಉದ್ದದ ಉಸಿರು ಅವಳ ಎದೆಯೊಳಗಿತ್ತೇ? ಹಿಂದೆ ಕುಳಿತ ಹೆಂಗಸರು ಅವಳಂತೆ ಎಳೆಯಲು ಹೋಗಿ ಅರ್ಧಕ್ಕೇ ಸೋತು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ತಲೆ ಹಿಂದಕ್ಕೆ ಚೆಲ್ಲಿ. ಆ ನಗುವೂ ನನಗೆ ಹೊಸದು. ಆಗ ನನ್ನೊಳಗೆ ಎದ್ದದ್ದನ್ನು ಏನೆಂದು ಹೇಳಲಿ? ಆ ಹೆಂಗಸರ ಮೇಲೆ, ಆ ಗುಡಿಯ ಮೇಲೆ, ಪಡಸಾಲೆಯ ಕಂಬದವರೆಗೆ ಹರಿದುಬಂದು ಅವಳ ಸೆರಗಿನ ಮೇಲೆ ಆರಾಮವಾಗಿ ಕುಳಿತಿದ್ದ ಆ ಬಿಸಿಲಿನ ಮೇಲೆ ಕೆಟ್ಟ ಸಿಟ್ಟು ಬಂತು. ನನಗೆ ಸಿಗಬೇಕಾದ ಹೆಂಡತಿಯನ್ನು ಇವರು ಇಟ್ಟುಕೊಂಡು, ಉಳಿದದ್ದನ್ನು ನನಗೆ ಕಳಿಸುತ್ತಿದ್ದಾರೆ ಎನ್ನಿಸಿತು.

ನನ್ನನ್ನು ಕಂಡು ಅವಳಿಗೆ ಖುಷಿಯೇ ಆಯಿತು. ಹೋಳಿಗೆ ಮಾಡಿದರು, ಭಾವ, ಸೀತಕ್ಕನ ಗಂಡ, ಊರೆಲ್ಲ ತೋರಿಸಿದ. ನಾನು ಮಾತ್ರ ಬಾಯಲ್ಲಿ ಲವಂಗ ಇಟ್ಟುಕೊಂಡವನ ಹಾಗೆ ಹ್ಞೂಂ ಹ್ಞೂಂ ಎನ್ನುತ್ತ ಕುಳಿತೆ. ಸಂಜೆ ಬಸ್ಸಿಗೆ ಬಿಡಲು ಅವಳೊಬ್ಬಳೇ ಬಂದಳು. ನನಗಿಂತ ಮುಂದೆ ನಡೆಯುತ್ತಿದ್ದಳು. ಶಿರಸಿಯಲ್ಲಿ ಯಾವಾಗಲೂ ನಾನು ನಿಂತು ಕಾಯಬೇಕಿತ್ತು. ದಾರಿಯಲ್ಲಿ ತರಕಾರಿಯವಳನ್ನು, ಶಾಲೆಯ ಮೇಷ್ಟ್ರನ್ನು, ಹೊಲಿಗೆ ಅಂಗಡಿಯವನನ್ನು ಮಾತಾಡಿಸಿದಳು, ಅದೂ ಅವರ ಮಾತಿನಲ್ಲೇ. ಕೆರೆಯ ಹತ್ತಿರ ಬಂದಾಗ ನಿಂತು ನನ್ನ ಮುಖ ನೋಡಿದಳು.

"ಹೊಟ್ಟೆಕಿಚ್ಚು ಬೈಂದಾ ನಿಂಗಕ್ಕೆ? ಈ ಊರಿನ ಮೇಲಾ?"

ನಾನು ಇಲ್ಲ ಎಂದೆ. ಹಾಡು ಬರುತ್ತದೆ ಎಂದು ಒಂದು ದಿನವೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಯೋಚಿಸಿ ಉತ್ತರ ಕೊಟ್ಟಳು.

"ಎನಗೆ ಮಾತು ಕಡಿಮೆ ಹೇಳಿ ನಿಂಗ ತಿಳ್ಕಂಡಿದ್ರಿ. ಮಾತು ಕಡಿಮೆ ಅಲ್ಲ, ಉಸಿರು ಕಡಿಮೆ ಇತ್ತು. ಇದ್ದಿದ್ದ ಉಸಿರಲ್ಲಿ ಮನೆ ಕೆಲಸ ಮಾಡ್ಲೋ, ಹಾಡ್ಲೋ?"

ಬಸ್ಸಿನಲ್ಲಿ ಕುಳಿತು ಅದನ್ನೇ ತಿರುವಿ ಹಾಕಿದೆ. ಮದುವೆಯಾದಾಗಿನಿಂದ ನಾನು ನೆಂಟರಿಷ್ಟರ ಮುಂದೆ, ನಮ್ಮವಳು ಬಹಳ ಶಾಂತ ಸ್ವಭಾವದವಳು ಎಂದು ಹೆಮ್ಮೆಯಿಂದ ಹೇಳಿಕೊಂಡು ಬಂದವನು. ಆ ಶಾಂತ ಸ್ವಭಾವವನ್ನು ಮಾಡಿಕೊಟ್ಟದ್ದು ನಮ್ಮೂರಿನ ಹವೆ. ದಾಸನಕೊಪ್ಪ ದಾಟುತ್ತಿದ್ದಂತೆ ಮೊದಲ ಹನಿ ಗಾಜಿಗೆ ಬಿತ್ತು. ಕಿಟಕಿ ಬಿಟ್ಟು ಮುಖ ಈ ಕಡೆ ತಿರುಗಿಸಿದೆ.

ಅಂಗಡಿಯನ್ನು ಹಾನಗಲ್ಲಿಗೇ ಸಾಗಿಸಿಬಿಡೋಣ ಎಂದೂ ಯೋಚಿಸಿದ್ದುಂಟು. ಭಾವ ಗಂಭೀರವಾಗಿ, ಇಲ್ಲಿ ಗಮ್‌ಬೂಟು ಯಾರಿಗೆ ಮಾರುತ್ತೀ ಎಂದು ಕೇಳಿದ. ಬೇರೆ ವ್ಯಾಪಾರ ನನಗೆ ಬರುವುದಿಲ್ಲ. ವತ್ಸಲಾಳಿಗೂ ಶಿರಸಿ ಪೂರ್ತಿ ಬಿಡುವುದು ಬೇಡವಾಗಿತ್ತು. ಚಳಿಗಾಲ ಬೇಸಿಗೆಯಲ್ಲಿ ಅದು ಅವಳದೇ ಊರು. ಹಾಗಾಗಿ ವರ್ಷಕ್ಕೆ ಅರ್ಧ ಸಂಸಾರ ಎಂಬುದು ರೂಢಿಯಾಯಿತು. ಅಂಗಡಿಗೆ ಬಂದವರು, ಹೆಂಡತಿ ಊರಲ್ಲಿಲ್ಲವಾ ಎಂದು ಕೇಳುವುದನ್ನೂ ಬಿಟ್ಟರು.

ಹೀಗಿರುವಾಗ ಒಂದು ವರ್ಷ ಜೂನ್ ಬಂದರೂ ಮಳೆ ಬರಲಿಲ್ಲ. ಮೃಗಶಿರ ಒಣಗಿ ಹೋಯಿತು, ಆರಿದ್ರಾವೂ ಮುಗಿಯುತ್ತ ಬಂತು. ಆಕಾಶ ಹಾನಗಲ್ಲಿನ ಹಾಗೆ ನೀಲಿ. ಕೊಡೆಗಳು ಬಾವಲಿಗಳಂತೆ ಅಂಗಡಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದವು, ಕೇಳುವವರಿಲ್ಲ. ಬಾವಿಗಳು ಬತ್ತಿದವು, ದೇವಸ್ಥಾನದಲ್ಲಿ ಪರ್ಜನ್ಯ ಜಪ ನಡೆಯಿತು. ಊರಿಗೆ ಊರೇ ಕಂಗಾಲಾಗಿದ್ದಾಗ ನಾನೊಬ್ಬ ಒಳಗೊಳಗೇ ಹಬ್ಬ ಮಾಡುತ್ತಿದ್ದೆ. ವತ್ಸಲಾ ಹಾನಗಲ್ಲಿಗೆ ಹೋಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಹೋದರೆ ಮೆಟ್ಟಿಲು ಹತ್ತುವಾಗಲೇ ಹಾಡು ಕೇಳಿಸುತ್ತಿತ್ತು. ಕೊನೆಗೂ ಆ ಹಾಡು ನನ್ನ ಮನೆಯಲ್ಲಿ, ನನ್ನ ಬಿಸಿಲಿನಲ್ಲಿ. ಒಂದು ದಿನ ಅವಳು ಹಾಡುತ್ತಿದ್ದಾಗ ಹಾನಗಲ್ಲಿನ ಗುಡಿಯ ಹೆಂಗಸರನ್ನು ನೆನೆದು, ಈಗ ನೀವು ಪಡಿ ಹೊಟ್ಟೆಕಿಚ್ಚು ಎಂದುಕೊಂಡೆ.

ಆ ದಿನಗಳಲ್ಲೇ ವಜ್ರಳ್ಳಿಯ ನಾರಾಯಣ ಗೌಡರು ಅಂಗಡಿಗೆ ಬಂದರು. ಪ್ರತಿ ವರ್ಷ ಗದ್ದೆ ನೆಟ್ಟಿಗೆ ಮುಂಚೆ ಕೆಲಸದವರಿಗೆಲ್ಲ ತಲೆ ಬೆನ್ನಿಗೆ ಹೊದೆಯುವ ಪ್ಲಾಸ್ಟಿಕ್ ಕೊಪ್ಪೆ ಒಯ್ಯುವವರು. ಆ ದಿನ ಏನೂ ಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕುಳಿತು ನೀರು ಕೇಳಿ ಕುಡಿದರು.

"ಸಸಿ ಕೆಂಪಾಗ್ತಾ ಬಂತು. ಬೆಳಿಗ್ಗೆ ಗದ್ದೆ ಬದಿಗೆ ಹೋಗುದೇ ಬಿಟ್ಟಿದ್ದೆ ನಾನು. ನೋಡುಕಾಗುದಿಲ್ಲ" ಎಂದರು. ಅವರ ಕಣ್ಣು ತುಂಬಿತ್ತೋ, ಬಿಸಿಲಿಗೆ ಕೆಂಪಾಗಿತ್ತೋ ತಿಳಿಯಲಿಲ್ಲ. ಬರುತ್ತದೆ ಗೌಡರೇ, ಮಳೆ ಬಂದೇ ಬರುತ್ತದೆ ಎಂದೆ. ಅದನ್ನು ಹೇಳುವಾಗ ನನ್ನ ಮನಸ್ಸು ಬರಲಿ ಎನ್ನುತ್ತಿತ್ತೋ ಬಾರದಿರಲಿ ಎನ್ನುತ್ತಿತ್ತೋ, ನಾನು ಹುಡುಕಲು ಹೋಗಲಿಲ್ಲ. ಮನೆಗೆ ಬಂದು ವತ್ಸಲಾಳಿಗೆ ಹೇಳಿದೆ. ಆ ದಿನ ಅವಳು ಹಾಡಲಿಲ್ಲ.

ಪುನರ್ವಸು ಹುಟ್ಟಿದ ಮೇಲೆ ಒಂದು ಮಧ್ಯಾಹ್ನ, ನಾನು ಊಟಕ್ಕೆ ಕುಳಿತಿದ್ದಾಗ, ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಬಂತು, ಹಿಂದೆಯೇ ಮಳೆ. ಬೀದಿಯಲ್ಲಿ ಜನ ಕೇಕೆ ಹಾಕಿದರು. ಎದುರಿನ ಕಿರಾಣಿ ಅಂಗಡಿಯ ಮುದುಕ ಅಂಗಿ ತೆಗೆದು ರಸ್ತೆಯಲ್ಲೇ ನಿಂತ. ಕಿಟಕಿಯ ಬಳಿ ನಿಂತು ವತ್ಸಲಾ ಅವರನ್ನೆಲ್ಲ ನೋಡಿ ನಗುತ್ತಿದ್ದಳು. ನನ್ನ ಕೈಯ ತುತ್ತು ಕೈಯಲ್ಲೇ ಇತ್ತು. ಅವಳು ತಿರುಗಿ ನನ್ನ ಮುಖ ನೋಡಿದಳು.

"ಬರ್ಲಿ ಬಿಡಿ. ಜನಕ್ಕೆ ಬೇಕು ಅದು."

ಹಾಗೆಂದು ತಾನೇ ಕಿಟಕಿ ಮುಚ್ಚಿದಳು. ಸ್ಟೂಲು ಹತ್ತಿ ಅಟ್ಟದ ಮೇಲಿನ ಬ್ಯಾಗು ಇಳಿಸಿದಳು. ಮರುದಿನ ಬೆಳಿಗ್ಗೆ ಬಸ್ಸಿಗೆ ಹತ್ತಿಸಿ ಬಂದು ಅಂಗಡಿ ತೆಗೆದರೆ ಬಾಗಿಲ ಮುಂದೆ ಜನ. ಗೌಡರೂ ಬಂದಿದ್ದರು, ತೊಯ್ದು ತೊಪ್ಪೆಯಾಗಿ. ಕೊಪ್ಪೆ ಆರಿಸುವಾಗ ಏನೇನೋ ಮಾತಾಡಿದರು, ಒಂದಕ್ಕೊಂದು ಸಂಬಂಧವಿಲ್ಲದೆ, ಮಕ್ಕಳ ಹಾಗೆ. ಆ ಮುಖ ನೋಡುತ್ತ ಅವರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಒಂದೇ ಮಳೆ, ಅವರಿಗೆ ತಂದುಕೊಟ್ಟಿತು, ನನ್ನಿಂದ ಒಯ್ದಿತು. ಆದರೂ ಇದ್ದುದರಲ್ಲಿ ದಪ್ಪನೆಯ ಕೊಪ್ಪೆಗಳನ್ನೇ ಹುಡುಕಿ ಕಟ್ಟಿಕೊಟ್ಟೆ.

ಈಗೀಗ ಭಾನುವಾರ ಅಂಗಡಿ ಮುಚ್ಚಿ ಹಾನಗಲ್ಲಿಗೆ ಹೋಗುತ್ತೇನೆ. ಗುಡಿಯ ಪಡಸಾಲೆಯಲ್ಲಿ ಹಿಂದಿನ ಸಾಲಿನ ಕಂಬ ನನ್ನದೆಂದು ಹೆಂಗಸರು ಬಿಟ್ಟುಕೊಟ್ಟಿದ್ದಾರೆ. ಮೊನ್ನೆ ಭಾನುವಾರ ಹೋದಾಗ ಅಲ್ಲಿ ಮೂರು ದಿನದಿಂದ ಬಿಡದ ಮಳೆ. ಇತ್ತೀಚಿನ ವರ್ಷಗಳಲ್ಲಿ ಆ ನೆಂಟನೂ ಉಳಿಯಲು ಕಲಿತಿದ್ದಾನೆ. ಹೊಲದಲ್ಲಿ ಗೋವಿನಜೋಳ ನೀರು ನಿಂತು ಹಳದಿಯಾಗಿತ್ತು, ಜನರ ಮುಖ ಸಣ್ಣದಾಗಿತ್ತು. ವತ್ಸಲಾ ಶಾಲು ಹೊದ್ದು ಕುಳಿತಿದ್ದಳು. ಹಾಡು ಎತ್ತಿಕೊಂಡಳು, ಎರಡನೆಯ ಸಾಲಿನ ಎಳೆತದಲ್ಲಿ ದನಿ ತುಂಡಾಯಿತು. ಮದ್ದಿನ ಪಂಪು ಬಾಯಿಗೆ ಹಿಡಿದು, ಮುಂದಿನದನ್ನು ನೀವೇ ಹೇಳಿ ಎಂದು ಹೆಂಗಸರಿಗೆ ಕೈ ಮಾಡಿದಳು. ಅವರು ಹೇಳಿದರು, ಮೆಲ್ಲಗೆ, ಅವಳ ಮುಖವನ್ನೇ ನೋಡುತ್ತ. ಅವಳಿಗಾಗಿ ಹೆದರಿದವನು ನಾನೊಬ್ಬನೇ ಅಲ್ಲ ಎಂದು ಆಗ ಕಂಡಿತು.

ನಾನೆದ್ದು ಹೊರಗೆ ಬಂದೆ. ಇಷ್ಟು ವರ್ಷ ಶಪಿಸಿದ ಆ ಊರಿನ ಬಿಸಿಲು ಎಲ್ಲಿ ಹೋಯಿತೆಂದು ಕತ್ತೆತ್ತಿ ಹುಡುಕಿದೆ. ಕೆರೆಯ ಮೇಲೆ ನಿಂತಿದ್ದ ಮೋಡದ ಗುರುತು ನನಗೆ ಚೆನ್ನಾಗಿ ಹತ್ತಿತು, ಅದೇ ದಪ್ಪ, ಅದೇ ಸೋಮಾರಿತನ. ಇಲ್ಲಿ ಬೇಡ, ಶಿರಸಿಗೆ ನಡೆ, ಅಲ್ಲಿ ಎಷ್ಟು ದಿನ ಬೇಕಾದರೂ ಇರು, ನಾನಿದ್ದೇನೆ ಎಂದೆ. ಗಟ್ಟಿಯಾಗಿಯೇ ಹೇಳಿದ್ದಿರಬೇಕು. ಹಿಂದಿನಿಂದ ವತ್ಸಲಾ ಬಂದು, ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು ಕೇಳಿದಳು.

"ನಮ್ಮೂರವ ಒಬ್ಬ ಬಂದಿದ್ದ. ಮನೆಗೆ ಹೋಗು ಹೇಳಿ ಹೇಳ್ತಾ ಇದ್ದೆ" ಎಂದೆ.