ಟವೆಲ್ಲಿನ ಕೆಳಗೆ ಸಿಕ್ಕ ಕೈ

ದೆವ್ವ, ಶಕುನ, ಮೈಮೇಲೆ ಬರುವುದು ಇಂಥವನ್ನೆಲ್ಲ ನಾನು ನಂಬಿದವನಲ್ಲ. ಹತ್ತು ಕುರಿಗಳಿಂದ ವ್ಯಾಪಾರ ಶುರು ಮಾಡಿ ಸ್ವಂತ ಕಾಲ ಮೇಲೆ ನಿಂತವನು. ಕೈಯಿಂದ ಹಿಸುಕಿ ನೋಡಿದ ಮೇಲೇ ಯಾವುದನ್ನಾದರೂ ನಂಬುವುದು ನನ್ನ ಕಸುಬು. ನೀವೂ ಹಾಗೇ ಇರಿ ಎಂದು ಇವತ್ತಿಗೂ ಹೇಳುತ್ತೇನೆ. ಆದರೆ ಮೂರು ವರ್ಷಗಳ ಹಿಂದೆ ಅಮೀನಗಡದ ಸಂತೆಯಲ್ಲಿ ನನ್ನ ಕೈಗೇ ಸಿಕ್ಕಿದ್ದನ್ನು ಏನೆಂದು ಕರೆಯಬೇಕೋ ತಿಳಿಯದು.

ನಮ್ಮ ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಚೌಕಾಸಿ ಮಾಡುತ್ತೇವೆ. ಪಕ್ಕದವನಿಗೆ ತಿಳಿಯಬಾರದಲ್ಲ. ಹೊಸಬರಿಗೊಂದು ಮಾತು: ಆಗ ಎದುರಿನವನ ಮುಖ ನೋಡಬೇಡಿ, ಬೆರಳಿನ ಕಡೆ ಲಕ್ಷ್ಯವಿರಲಿ. ಮುಖ ನೋಡಿ ಮೋಸ ಹೋದವರನ್ನು ಬಹಳ ಕಂಡಿದ್ದೇನೆ.

ಇಳಕಲ್ಲಿನ ಮಗ್ಗದವರೊಬ್ಬರಿಗೆ ರೇಷ್ಮೆಯ ಜೊತೆ ಆಡಿನ ಮೆತ್ತನೆಯ ತುಪ್ಪಳ ಸೇರಿಸಿ ಶಾಲು ನೇಯುವ ಹುಚ್ಚು ಹತ್ತಿತ್ತು. ಅದನ್ನು ತರಲು ನಾನು ಲಡಾಖಿಗೆ ಹೋದೆ. ಅಲ್ಲಿ ಸಿಕ್ಕವರು ಸೋನಮ್ ಅಜ್ಜ, ಎತ್ತರದ ಬಯಲಿನಲ್ಲಿ ಡೇರೆ ಹಾಕಿಕೊಂಡು ಆಡು ಮೇಯಿಸುವವರು. ನನ್ನ ಹಿಂದಿ ಹರಕು, ಅವರದು ಇನ್ನೂ ಹರಕು. ಬೆಲೆಯ ಮಾತು ಬಂದಾಗ ಅವರು ತಮ್ಮ ನಿಲುವಂಗಿಯ ಉದ್ದ ತೋಳಿನೊಳಗೆ ನನ್ನ ಕೈ ಎಳೆದುಕೊಂಡು ಬೆರಳು ಹಿಡಿದರು. ನಾನು ನಕ್ಕುಬಿಟ್ಟೆ. ಅಷ್ಟು ದೂರ ಹೋಗಿ ಅಮೀನಗಡದಲ್ಲೇ ಕೂತ ಹಾಗಾಯಿತು. ಅವರ ಉಂಗುರದ ಬೆರಳು ಅರ್ಧವೇ ಇತ್ತು. ಉಳಿದರ್ಧ ಯಾವುದೋ ಚಳಿಗಾಲದಲ್ಲಿ ಹಿಮಕ್ಕೆ ಮರಗಟ್ಟಿ ಹೋಗಿತ್ತಂತೆ. ಮಾತು ಕುದುರಿದರೆ ಹೆಬ್ಬೆರಳಿನಿಂದ ನನ್ನ ಅಂಗೈಯನ್ನು ಎರಡು ಸಲ ಒತ್ತುತ್ತಿದ್ದರು. ಅಪ್ಪನನ್ನು ಕಾಣದೆ ಬೆಳೆದವನು ನಾನು. ಐದು ವರ್ಷ ತಪ್ಪದೆ ಹೋದೆ. ಖರೆ ಹೇಳಬೇಕೆಂದರೆ, ಕೊನೆಕೊನೆಗೆ ತುಪ್ಪಳ ಒಂದು ನೆಪ.

ಪ್ರತಿ ವರ್ಷ ಅಜ್ಜ ಗುಡ್ಡದ ಕಡೆ ಕೈ ತೋರಿಸುತ್ತಿದ್ದರು. ಮೊದಲ ಸಲ ಡೇರೆಯ ಹಿಂದೆಯೇ ಕಾಣುತ್ತಿದ್ದ ಹಿಮನದಿಯ ಅಂಚು ಸರಿಯುತ್ತ ಸರಿಯುತ್ತ ಮೇಲೆ ಹೋಗಿತ್ತು. ಚಳಿಗಾಲದ ಹಿಮ ಸರಿಯಾಗಿ ಬೀಳದೆ ಹುಲ್ಲು ಚಿಗುರುತ್ತಿರಲಿಲ್ಲ. ಆಡುಗಳು ಈಯುವ ಹೊತ್ತಿಗೆ ಬೇಡದ ಹಿಮ ಸುರಿದು ಮರಿಗಳು ಸಾಯುತ್ತಿದ್ದವು. ಚಳಿ ಕಡಿಮೆಯಾದಂತೆ ತುಪ್ಪಳವೂ ತೆಳ್ಳಗಾಗುತ್ತಿತ್ತು. ಅದು ನನ್ನ ಬೆರಳಿಗೇ ತಿಳಿಯುತ್ತಿತ್ತು. ಐದನೆಯ ವರ್ಷ, ಕೆಳಗಿನ ಊರಿನ ವ್ಯಾಪಾರಿಯೊಬ್ಬ ಹಿಂಡನ್ನೆಲ್ಲ ಒಟ್ಟಿಗೆ ಕೇಳುತ್ತಿದ್ದಾನೆ, ಕೊಡಲೋ ಇಟ್ಟುಕೊಳ್ಳಲೋ ಎಂದು ಅಜ್ಜ ನನ್ನನ್ನು ಕೇಳಿದರು. ನಾನು ಸಂತೆಯ ಬುದ್ಧಿ ಹೇಳಿದೆ. ಬಿದ್ದ ದರ ಏಳುತ್ತದೆ, ಹೋದ ಹಿಮವೂ ತಿರುಗಿ ಬರುತ್ತದೆ, ಇನ್ನೊಂದು ಚಳಿಗಾಲ ತಡೆಯಿರಿ ಎಂದೆ. ಮುಂದಿನ ವರ್ಷವೂ ಅಲ್ಲಿಗೆ ಹೋಗುವ ಆಸೆ ನನಗಿತ್ತು. ಅದನ್ನು ಮಾತ್ರ ಹೇಳಲಿಲ್ಲ. ಅವರು ನನ್ನ ಅಂಗೈಯನ್ನು ಎರಡು ಸಲ ಒತ್ತಿದರು.

ಆ ಚಳಿಗಾಲ ಕಳೆದ ಮೇಲೆ ಅವರ ಫೋನು ಹತ್ತಲಿಲ್ಲ.

ಮೇ ತಿಂಗಳ ಒಂದು ಶನಿವಾರ, ಸಂತೆಯ ದಿನ, ರಣ ಬಿಸಿಲು. ಬೇವೂರಿನ ಕಡೆಯ ಹನುಮಪ್ಪನ ಕುರಿಗಳನ್ನು ನೋಡಿ ಟವೆಲ್ಲಿನೊಳಗೆ ಕೈ ಹಾಕಿದೆ. ಸಿಕ್ಕಿದ್ದು ಕೊರೆಯುವಷ್ಟು ತಣ್ಣನೆಯ ಕೈ. ಉಂಗುರದ ಬೆರಳು ಅರ್ಧವೇ ಇತ್ತು. ಅದು ಯಾವ ಬೆಲೆಯನ್ನೂ ಹೇಳಲಿಲ್ಲ, ನನ್ನ ಕೈಯನ್ನು ಸುಮ್ಮನೆ ಹಿಡಿದುಕೊಂಡಿತ್ತು. ಆ ಎರಡು ಒತ್ತಿಗೆ ಕಾದೆ. ಬರಲಿಲ್ಲ. ಮೆಲ್ಲಗೆ ಬಿಟ್ಟುಬಿಟ್ಟಿತು. ಟವೆಲ್ ಎತ್ತಿದರೆ ಹನುಮಪ್ಪನ ಐದೂ ಬೆರಳು ನೆಟ್ಟಗಿದ್ದವು, ಬೆವೆತಿದ್ದವು.

“ಯಾಕ್ರಿ ಸಾವ್ಕಾರ್ರ, ರೇಟ್ ಕೇಳೂಕಿಂತ ಮೊದಲ ಥಂಡಿ ಬಂತೇನ್ರಿ?” ಎಂದು ಅವನು ನಕ್ಕ. ನನ್ನ ಮುಖ ನೋಡಿ ದನಿ ತಗ್ಗಿಸಿದ. “ಇಂಥಾ ಬಿಸಲಾಗ ನಿಮ್ಮ ಕೈ ಯಾಕ ಹಿಂಗ ಕೊರಿಯಾಕ ಹತ್ತೇತಿ?”

ಅಂದರೆ ಆ ತಂಪು ಅವನಿಗೂ ಮುಟ್ಟಿತ್ತು. ಇದನ್ನು ಗಮನಿಸಿ. ಮನೆಯಲ್ಲಿ ಹೇಳಿದರೆ ಹೆಂಡತಿ, “ಬಿಸಲ ಬಡದೈತಿ ನಿಮಗ, ಮಜ್ಜಿಗಿ ಕುಡದು ಮಲಕೋರಿ” ಎಂದಳು. ಅವಳ ಮಾತೇ ನಿಜವಿರಲಿ ಎಂದು ನಾನೂ ಬಯಸಿದೆ.

ವಾರ ಕಳೆದ ಮೇಲೆ ಹೇಗೋ ಅಜ್ಜನ ಮಗಳ ನಂಬರು ಸಿಕ್ಕಿತು. ಸಾವಿನ ಸುದ್ದಿಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಫೋನು ಹಚ್ಚಿದೆ. ಅಜ್ಜ ಬದುಕಿದ್ದರು, ಡೇರೆ ಬಿಟ್ಟು ಮಗಳ ಮನೆಗೆ ಬಂದಿದ್ದರು. ಹಿಂಡು ಇರಲಿಲ್ಲ. ಮುಕ್ಕಾಲು ಪಾಲು ಹೊತ್ತಲ್ಲದ ಹಿಮಕ್ಕೆ ಸಿಕ್ಕಿ ಸತ್ತು, ಉಳಿದವನ್ನು ಒಂದು ಶನಿವಾರ ಅದೇ ವ್ಯಾಪಾರಿಗೆ ಕೊಟ್ಟರಂತೆ. ಯಾವ ಶನಿವಾರ ಎಂದು ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಕೇಳಿದರೂ, ಬದುಕಿರುವ ಮನುಷ್ಯನ ಕೈ ಅಲ್ಲಿಂದ ಇಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಅದು ಉತ್ತರವಾಗುವುದಿಲ್ಲ.

ಅಜ್ಜನೇ ಫೋನು ತೆಗೆದುಕೊಂಡರು. ತಪ್ಪಾಯಿತು ಎನ್ನಲು ಹೋದೆ. ಹಿಂದಿಯಲ್ಲಿ ಆ ಮಾತು ನನಗೆ ಗೊತ್ತಿತ್ತು. ಆದರೂ ಹುಲ್ಲು ಹೇಗಿದೆ ಎಂದು ಕೇಳಿದೆ. ಹಿಮನದಿ ಸರಿದ ನೆಲದಲ್ಲಿ ಈ ಸಲ ಹುಲ್ಲು ಬಂದಿದೆಯಂತೆ. ಅಲ್ಲೊಂದು ನೆಲವಿದೆ ಎಂಬುದೇ ಈ ವಯಸ್ಸಿನವರೆಗೆ ಅವರಿಗೆ ಗೊತ್ತಿರಲಿಲ್ಲವಂತೆ. ಬಹಳ ಹಸಿರು, ಎಂದರು. ಮೇಯುವವರಿಲ್ಲ, ಎಂದರು.

ಬಂದು ನೋಡು ಎಂದು ಕರೆಯಲಿಲ್ಲ. ಕರೆದಿದ್ದರೆ ಅವತ್ತೇ ಬಾದಾಮಿಯಲ್ಲಿ ರೈಲು ಹತ್ತುತ್ತಿದ್ದೆ.