ಖಾಲಿ ಎಂದ ಸಿಡಿ

ಪೆದ್ರು, ನೀನು ಧಾರವಾಡದಿಂದ ತಂದ ಸಿಡಿ ಖಾಲಿ ಇರಲಿಲ್ಲ. ಖಾಲಿ ಎಂದು ನಿನ್ನ ಅಣ್ಣನೆದುರು ಹೇಳಿದವನು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ನಿನ್ನ ಗೋವೆಯ ವಿಳಾಸ ನನ್ನಲ್ಲಿಲ್ಲ. ಅದಕ್ಕೇ ಹೀಗೆ, ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ದಾಂಡೇಲಿಯಲ್ಲಿ ನಾನು ಕಂಪ್ಯೂಟರ್ ತರಗತಿ ತೆರೆದದ್ದು ನಿನಗೆ ನೆನಪಿರಲೇಬೇಕು. ಗಿರಣಿಯ ಗುಮಾಸ್ತಿಕೆ ಮುಗಿಸಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯ ಧರ್ಮಪ್ರಚಾರಕನಾಗಿ ನನ್ನನ್ನು ನಾನೇ ನೇಮಿಸಿಕೊಂಡಿದ್ದೆ. ಊರಿನ ಉಳಿದವರು ತಮ್ಮ ಯಂತ್ರಗಳಿಗೆ ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ಸುಖವಾಗಿ ಹಾಡು ಕೇಳುತ್ತಿದ್ದರು. ನಾನು ನನ್ನ ನಿಷ್ಪಾಪ ಯಂತ್ರದೆದುರು ನಿಶ್ಶಬ್ದವಾಗಿ ಕುಳಿತಿರುತ್ತಿದ್ದೆ. "ಏನೂ ಬರದವ್ರೂ ನಡಸ್ಬಹುದು, ಎಲ್ಲಾ ಇದರಾಗ ಐತಿ" ಎಂದು ಚಹಾದಂಗಡಿಯಲ್ಲಿ ಸಾರಿದ್ದೆ. ಎಂಪಿತ್ರೀ ಹಾಡು ನುಡಿಸಲು ಬೇಕಾದ ಕೋಡೆಕ್ ಎಂಬ ಪುಟ್ಟ ಸಾಫ್ಟ್‌ವೇರ್ ಮಾತ್ರ ಇರಲಿಲ್ಲ. ಅದರ ಹಕ್ಕು ಇನ್ನಾರದೋ ಆದ್ದರಿಂದ ವ್ಯವಸ್ಥೆಯ ಜೊತೆ ಬರುತ್ತಿರಲಿಲ್ಲ. ಬೇಕಾದವರು ಬೇರೆ ಕಡೆಯಿಂದ ತಂದು ಹಾಕಿಕೊಳ್ಳಬೇಕು. ಸಾರುವಾಗ ಅದೊಂದು ಮಾತನ್ನು — ಬಿಟ್ಟಿದ್ದೆ.

ಹಳಿಯಾಳದ ಹತ್ತಿರದ ನಿಮ್ಮ ಸಿದ್ದಿ ಕೇರಿಯಲ್ಲಿ ಒಂದೇ ಒಂದು ಕ್ಯಾಸೆಟ್ ಇತ್ತು: ತೀರಿಹೋದ ನಿಮ್ಮ ಸೋದರತ್ತೆ ಹಾಡಿ, ನಿನ್ನ ಅಣ್ಣ ಸಂತಾನ ಡಮಾಮಿ ಡೋಲು ಬಾರಿಸಿದ್ದು. "ಧಾರವಾಡದಾಗ ಸಿಡಿ ಮಾಡಸ್ಕೊಂಡ ಬರ್ರಿ, ನಮ್ಮ ಉದ್ಘಾಟನೆಗೆ ಅದನ್ನ ಹಾಕೂಣು" ಎಂದು ಸಲಹೆ ಕೊಟ್ಟವನು — ಇನ್ಯಾರು? ನೀನು ಹೋದೆ. ಹಾಡು ಎಂಪಿತ್ರೀ ಆಗಿ ಸಿಡಿಗೆ ಇಳಿಯಿತು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುವಾಗ ಟೇಪು ಸಿಕ್ಕಿ ಚಿಂದಿಯಾಯಿತು.

ಉದ್ಘಾಟನೆಗೆ ಮಕ್ಕಳ ಪಾಲಕರು, ಗಿರಣಿಯ ಹಳೆಯ ಜೊತೆಗಾರರು ಬಂದು ಕುಳಿತಿದ್ದರು. ಬಂದ ಸಿಡಿಯನ್ನು ಮೊದಲು ಹಾಕಿ ನೋಡುವ ಬುದ್ಧಿ ನನಗಿರಲಿಲ್ಲ. ಎಲ್ಲರೆದುರು ಹಾಕಿದೆ. ಸದ್ದಿಲ್ಲ. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡಿತು — ತಪ್ಪು ಯಂತ್ರದ್ದೆಂದು ಯಂತ್ರವೇ ಒಪ್ಪಿಕೊಂಡಿತ್ತು. ಕುಳಿತವರಿಗೆ ಆ ಅಕ್ಷರ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಸಂತಾನನಿಗೂ ನಿನಗೂ ಇಂಗ್ಲಿಷ್ ಬರುತ್ತಿರಲಿಲ್ಲ.

"ಏನ್ ಬರದೈತ್ರಿ ಮಾಸ್ತರ?"

"ಸಿಡಿ ಖಾಲಿ ಐತಿ, ಸಂತಾನ."

ನಿಮ್ಮ ಮನೆಯ ಜಗಳಗಳು ಕೊಂಕಣಿಯಲ್ಲಿ ನಡೆಯುತ್ತಿದ್ದವು. ಇದು ಕನ್ನಡದಲ್ಲೇ ನಡೆಯಿತು, ಸಭೆಗೆ ಅನುಕೂಲವಾಗಲೆಂಬಂತೆ.

"ಟೇಪ್ ಹರದು, ಖಾಲಿ ತಾಟು ತಂದು ನನಗ ಟೊಪ್ಪಿಗಿ ಹಾಕ್ತೀ ಏನಲೇ?"

"ಅಣ್ಣಾ, ನಾ ಅಲ್ಲೇ ಕುಂತು ಪೂರಾ ಕೇಳೇನಿ. ಅತ್ತಿ ನಡುವ ಕೆಮ್ಮಿದ್ದೂ ಐತಿ ಅದರಾಗ."

"ಮಾಸ್ತರು ಓದಿ ಹೇಳ್ಯಾರ. ಅವರು ಸುಳ್ಳ ಹೇಳ್ತಾರೇನು?"

ನೀನು ನನ್ನತ್ತ ನೋಡಿದೆ. ನಾನು ಬಹಳ ಗಾಂಭೀರ್ಯದಿಂದ ಮೌಸಿನ ವೈರಿನ ಸಿಕ್ಕು ಬಿಡಿಸುತ್ತಿದ್ದೆ. ಇಷ್ಟು ನಂಬಿದ ವ್ಯವಸ್ಥೆ ನನ್ನ ಕೈಬಿಟ್ಟಿತಲ್ಲ, ನನಗೆ ದ್ರೋಹವಾಯಿತಲ್ಲ ಎಂದು ಒಳಗೇ ಕುದಿಯುತ್ತಿದ್ದೆ. ನಿನ್ನ ಕಣ್ಣಲ್ಲಿದ್ದದ್ದು ಏನೆಂದು — ಅಂದೂ ಗೊತ್ತಿತ್ತು.

ಸಂತಾನ ಸಿಡಿಯನ್ನು ಮೇಜಿನ ಮೇಲೇ ಎಸೆದು ಹೋದ. ನೀನು ಗೋವೆ ಸೇರಿದೆ. ನಿಮ್ಮಿಬ್ಬರ ಮಾತು ಅಲ್ಲಿಗೇ ನಿಂತಿತೆಂದೂ, ಸಂತಾನ ಡಮಾಮಿಯನ್ನು ಗೋಡೆಗೆ ತೂಗುಹಾಕಿದನೆಂದೂ ಆಮೇಲೆ ಕೇಳಿದೆ. ಅಷ್ಟರಲ್ಲಿ ಹುಬ್ಬಳ್ಳಿಯ ಪರಿಚಿತನೊಬ್ಬನಿಂದ ಕೋಡೆಕ್ ತರಿಸಿ ಹಾಕಿದ್ದೆ. ನಿಮ್ಮ ಅತ್ತೆ ಹಾಡಿದಳು. ನಡುವೆ ಕೆಮ್ಮಿದಳು. ನಾನು ಹಾಡು ನಿಲ್ಲಿಸಿ ಸಿಡಿಯನ್ನು ಕಪಾಟಿನಲ್ಲಿಟ್ಟೆ. ಹಳಿಯಾಳಕ್ಕೆ ಬಸ್ಸುಗಳೇನು ಕಡಿಮೆ ಇರಲಿಲ್ಲ.

ಈಗಿನ ಲಿನಕ್ಸ್ ಬಹಳ ಸಭ್ಯ, ಪೆದ್ರು. ಹೊಸಬರು ಹಾಡು ಒತ್ತಿದರೆ, ಇದಕ್ಕೆ ಬೇಕಾದದ್ದು ನನ್ನಲ್ಲಿಲ್ಲ, ತರಲೇ ಎಂದು ತಾನಾಗಿ ಕೇಳುತ್ತದೆ. ಮೊನ್ನೆ ಮೊದಲ ಸಲ ಅದನ್ನು ಕಂಡವನು ಎದ್ದು ಹೋಗಿ ಕಪಾಟು ತೆರೆದೆ.

ಈ ಭಾನುವಾರ ಸಂತಾನನ ಮನೆಗೆ ಹೋಗುತ್ತೇನೆ. ಸಿಡಿಯನ್ನೂ ನುಡಿಸುವ ಯಂತ್ರವನ್ನೂ ಒಯ್ಯುತ್ತೇನೆ. ಆದರೆ ಹಾಡನ್ನು ಮೊದಲು ಹಾಕುವುದಿಲ್ಲ. ಅತ್ತೆಯ ದನಿ ಕೇಳಿದರೆ ಅವನು ನನ್ನನ್ನು ಕ್ಷಮಿಸಿಬಿಟ್ಟಾನು — ಹಾಗೆ ತಪ್ಪಿಸಿಕೊಳ್ಳಬಾರದು. ಅವನು ಅಂದು ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು. ಪರದೆಯ ಮೇಲೆ ಬರೆದಿದ್ದು ಇಷ್ಟೇ: ಇದನ್ನು ನುಡಿಸಲು ಬೇಕಾದದ್ದು ಈ ಯಂತ್ರದಲ್ಲಿ ಇಲ್ಲ.